ಗಣಕದೊಳಗಿನ ಕಿಲುಬು

ನಾನು ಚಿಕ್ಕವನಾಗಿದ್ದಾಗ, ಮನೆಮಂದಿಯೆಲ್ಲ ಮದುವೆಗೋ ಮುಂಜಿಗೋ ಪರವೂರಿಗೆ ಹೊರಟರೆ, ಬಾಗಿಲಿಗೆ ಬೀಗ ಹಾಕುವ ಮೊದಲು ಅಜ್ಜಿ ಕೇಳುತ್ತಿದ್ದ ಪ್ರಶ್ನೆ ಒಂದೇ: “ಮಾಣಿ, ರೇಡಿಯೋದ ಸೆಲ್ಲು ತೆಗೆದಿಟ್ಟೆಯೇನೋ?” ಒಲೆ ಆರಿಸಿದೆಯೋ, ಹಟ್ಟಿಯ ಬಾಗಿಲು ಹಾಕಿದೆಯೋ ಎಂಬುದೆಲ್ಲ ಅದರ ನಂತರ. ಪ್ರದೇಶ ಸಮಾಚಾರ ಕೇಳಲು ಮನೆಯಲ್ಲಿದ್ದುದು ಅದೊಂದೇ ಟ್ರಾನ್ಸಿಸ್ಟರು. ಹಿಂದೊಮ್ಮೆ ಮಳೆಗಾಲದಲ್ಲಿ ಸೆಲ್ಲು ನೀರುಬಿಟ್ಟು, ಅದರ ಸುರುಳಿತಂತಿಗಳೆಲ್ಲ ಹಸಿರುಗಟ್ಟಿ, ರಿಪೇರಿಯವನಿಗೆ ಕೊಟ್ಟ ದುಡ್ಡನ್ನು ಅಜ್ಜಿ ಮರೆತಿರಲಿಲ್ಲ. ತಾಮ್ರದ ಹಂಡೆಗೆ ಹಿಡಿಯುವ ಹಸಿರು ಕಿಲುಬೇ ರೇಡಿಯೋಕ್ಕೂ ಹಿಡಿಯಿತೆಂದು ಆಕೆ ಹೇಳುತ್ತಿದ್ದಳು. ಆ ಮಾತು ರಸಾಯನಶಾಸ್ತ್ರದ ದೃಷ್ಟಿಯಿಂದಲೂ ಸರಿಯೆಂದು ನನಗೆ ತಿಳಿದದ್ದು ಆಕೆ ತೀರಿಹೋಗಿ ಎಷ್ಟೋ ವರ್ಷಗಳಾದ ಮೇಲೆ, ದೊಡ್ಡಪ್ಪನ ಕಂಪ್ಯೂಟರನ್ನು ಅಟ್ಟದಿಂದ ಇಳಿಸಿದ ದಿನ.

ದೊಡ್ಡಪ್ಪ ಹೈಸ್ಕೂಲಿನಲ್ಲಿ ಮೇಷ್ಟರಾಗಿದ್ದು ನಿವೃತ್ತರಾದವರು. ಅವರ ಮಗ ಸಾಗರದಲ್ಲಿ ನಡೆಸುತ್ತಿದ್ದ ಸಣ್ಣ ಮುದ್ರಣಾಲಯಕ್ಕೆ ೧೯೯೨ರಲ್ಲಿ ‘ಮುನ್ನೂರ ಎಂಬತ್ತಾರು’ ಜಾತಿಯ ಒಂದು ಗಣಕಯಂತ್ರ ಬಂದಿತ್ತು. ತೆರೆಯ ಮೇಲೆ ಕನ್ನಡ ಮೂಡಲೆಂದು ಅದರೊಳಗೆ ಜಿಸ್ಟ್ ಕಾರ್ಡನ್ನು ಕೂರಿಸಿದ್ದರು. ನಾಲ್ಕು ವರ್ಷಗಳಲ್ಲಿ ಮುದ್ರಣಾಲಯಕ್ಕೆ ಹೊಸ ಯಂತ್ರ ಬಂತು, ಹಳೆಯದು ದೊಡ್ಡಪ್ಪನ ಪಾಲಾಯಿತು. ಅಡಿಕೆ ತೋಟದ ಮಾತುಗಳನ್ನೆಲ್ಲ ಕೂಡಿಸಿ ಒಂದು ಶಬ್ದಕೋಶ ಮಾಡಬೇಕೆಂಬುದು ಅವರ ಬಹುದಿನದ ಹಂಬಲ. ೧೯೯೬ರಿಂದ ೨೦೦೪ರಲ್ಲಿ ತೀರಿಕೊಳ್ಳುವವರೆಗೆ ಎರಡು ಬೆರಳಿನಲ್ಲಿ ಕುಟ್ಟುತ್ತ ಆ ಯಂತ್ರದೊಳಕ್ಕೆ ಪದಗಳನ್ನು ತುಂಬಿದರು. ಕಾಗದದ ಮೇಲೆ ಉಳಿದದ್ದು ಮೊದಲ ಕೆಲವು ಹಾಳೆಗಳು ಮಾತ್ರ. ಮಿಕ್ಕದ್ದನ್ನು ಇನ್ನು ಯಾರೂ ಓದುವಂತಿರಲಿಲ್ಲ, ಯಂತ್ರ ಅಟ್ಟಕ್ಕೇರಿತ್ತು.

೨೦೨೩ರ ಬೇಸಗೆ ರಜೆಯಲ್ಲಿ ಅದನ್ನು ಇಳಿಸಿದೆವು. ನಾನು ಹಳಗನ್ನಡ ಪಾಠ ಹೇಳಿ ಜೀವಿಸುವವನು. ತಿರುಪುಳಿ ಹಿಡಿಯುವುದೂ ನನಗೆ ಸರಿಯಾಗಿ ಬಾರದು. ಹಳೆಯ ಗಣಕಗಳನ್ನು ಬದುಕಿಸುವ ಹುಚ್ಚು ಹಿಡಿದ ಶಿಷ್ಯನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಅವನು ವಿದ್ಯುತ್ ಕೊಡುವ ಮೊದಲೇ ಮುಚ್ಚಳ ಬಿಚ್ಚಿದ, ಬಗ್ಗಿ ನೋಡಿದ, ಏನೂ ಮಾತಾಡದೆ ನನ್ನನ್ನು ಹತ್ತಿರ ಕರೆದ. ಮುಖ್ಯ ಹಲಗೆಯ ಹಿಂಬದಿಯ ಮೂಲೆಯಲ್ಲಿ, ಕೀಲಿಮಣೆಯ ತಂತಿ ಬಂದು ಸೇರುವೆಡೆಯ ಪಕ್ಕದಲ್ಲಿ, ಕಿರುಬೆರಳಿನ ಗೆಣ್ಣಿನಷ್ಟು ದೊಡ್ಡದೊಂದು ನೀಲಿಯ ಪೀಪಾಯಿ. ಅದರ ಎರಡು ತುದಿಗಳಲ್ಲಿಯೂ ಉಪ್ಪು ಅರಳಿದಂತೆ ಬಿಳಿಯ ಬೂಷ್ಟು. ಅಲ್ಲಿಂದ ಅಂಗೈಯಗಲ ಹಲಗೆಯ ಮೇಲೆಲ್ಲ ಹಸಿರು, ನೀಲಿ, ಕಪ್ಪು. ಕೂದಲೆಳೆಯಂಥ ತಾಮ್ರದ ಗೆರೆಗಳು ಎಷ್ಟೋ ಕಡೆ ಇಲ್ಲವೇ ಇಲ್ಲ. ಅಜ್ಜಿ ಇದ್ದಿದ್ದರೆ, “ಸೆಲ್ಲು ತೆಗೆದಿಡಲಿಲ್ಲವೇನೋ?” ಎಂದೇ ಕೇಳುತ್ತಿದ್ದಳು.

ಗೋಡೆಯಿಂದ ವಿದ್ಯುತ್ತನ್ನು ಪಡೆದು ನಡೆಯುವ ಯಂತ್ರಕ್ಕೆ ಒಳಗೊಂದು ಬ್ಯಾಟರಿ ಏಕೆಂದು ವಾಚಕರು ಕೇಳಬಹುದು. ನಾನೂ ಕೇಳಿದೆ. ೧೯೮೧ರ ಆಗಸ್ಟಿನಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಪಿಸಿಯಲ್ಲಿ ಇದು ಇರಲಿಲ್ಲ. ಯಂತ್ರವನ್ನು ಹಚ್ಚಿದಾಗಲೆಲ್ಲ ಅದು ಈಹೊತ್ತು ತಾರೀಕೆಷ್ಟು, ಗಂಟೆಯೆಷ್ಟು ಎಂದು ಯಜಮಾನನನ್ನೇ ಕೇಳುತ್ತಿತ್ತು. ೧೯೮೪ರಲ್ಲಿ ಅದೇ ಸಂಸ್ಥೆಯ ‘ಎಟಿ’ ಎಂಬ ಮಾದರಿ ಬಂದಾಗ ಈ ಕೊರತೆ ನೀಗಿತು. ಮೊಟೊರೊಲಾ ಕಂಪನಿಯ ಎಂಸಿ ೧೪೬೮೧೮ ಎಂಬ ಬಿಲ್ಲೆಯೊಂದನ್ನು ಅದರಲ್ಲಿ ಇಟ್ಟರು. ಯಂತ್ರ ನಿದ್ರಿಸುವಾಗಲೂ ಗಡಿಯಾರವನ್ನು ನಡೆಸುವುದು ಅದರ ಕೆಲಸ. ಜೊತೆಗೆ ಅದರಲ್ಲಿ ೬೪ ಬೈಟುಗಳ ಒಂದು ಪುಟ್ಟ ನೆನಪಿನ ಕೋಣೆಯೂ ಇತ್ತು. ನಮ್ಮ ಕಂದಪದ್ಯದ ಮಾತ್ರೆಗಳೂ ಒಟ್ಟು ೬೪ ಎಂಬುದು ನೆನಪಾಗಿ, ಛಂದಸ್ಸಿನ ಮೇಷ್ಟರಾದ ನನಗೆ ಸ್ವಲ್ಪ ಆತ್ಮೀಯತೆ ಹುಟ್ಟಿತೆಂದರೆ ವಾಚಕರು ನಗಬಾರದು. ಈ ೬೪ರಲ್ಲಿ ಕಾಲಗಣನೆಗೂ ಬಿಲ್ಲೆಯ ಸ್ವಂತ ಉಪಯೋಗಕ್ಕೂ ೧೪ ಹೋದರೆ ಮಿಕ್ಕ ೫೦ರಲ್ಲಿ ಯಂತ್ರ ತನ್ನ ಮೈಯ ವಿವರವನ್ನು ಬರೆದಿಟ್ಟುಕೊಳ್ಳುತ್ತದೆ. ಅದರಲ್ಲಿ ಮುಖ್ಯವಾದದ್ದು, ಒಳಗಿರುವ ಹಾರ್ಡ್ ಡಿಸ್ಕು ಯಾವ ಬಗೆಯದೆಂಬುದು. ಇದು ಮರೆತುಹೋದರೆ ಡಿಸ್ಕಿನಲ್ಲಿ ಬರೆದದ್ದು ಅಳಿಯುವುದಿಲ್ಲ. ಆದರೆ ಯಂತ್ರಕ್ಕೆ ಅಲ್ಲಿಗೆ ಹೋಗುವ ದಾರಿ ತಿಳಿಯುವುದಿಲ್ಲ. ಈ ಒಂದು ಚಿಟಿಕೆ ನೆನಪನ್ನು ಜೀವಂತವಾಗಿಡಲೆಂದೇ ಬ್ಯಾಟರಿ.

ಐಬಿಎಂನವರ ಎಟಿಯಲ್ಲಿ ಬ್ಯಾಟರಿಯನ್ನು ಹಲಗೆಗೆ ಬೆಸೆದಿರಲಿಲ್ಲ. ಲಿಥಿಯಂ ಬ್ಯಾಟರಿಯನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಪೆಟ್ಟಿಗೆಯ ಒಳಮೈಗೆ ಅಂಟಿಸಿ, ಎರಡು ತಂತಿಗಳಿಂದ ಹಲಗೆಗೆ ಸೇರಿಸಿದ್ದರು. ಆದರೆ ಎಟಿಯನ್ನು ನೋಡಿ ಇತರರು ತಯಾರಿಸಿದ ಸಾವಿರಾರು ಬಗೆಯ ಹಲಗೆಗಳಲ್ಲಿ ಈ ವಿವೇಕ ಉಳಿಯಲಿಲ್ಲ. ಪದೇ ಪದೇ ಬದಲಾಯಿಸುವ ತೊಂದರೆ ಬೇಡವೆಂದು, ಯಂತ್ರ ನಡೆಯುವಾಗ ತಾನೇ ವಿದ್ಯುತ್ ತುಂಬಿಕೊಳ್ಳುವ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಹಲಗೆಯ ಮೇಲೆಯೇ ಬೆಸೆದುಬಿಟ್ಟರು. ೧.೨ ವೋಲ್ಟಿನ ಮೂರು ಕೋಶಗಳನ್ನು ಒಂದರ ಬೆನ್ನಿಗೊಂದು ಸೇರಿಸಿ ಸುತ್ತಿದ ೩.೬ ವೋಲ್ಟಿನ ಪೀಪಾಯಿ ಅದು. ದೊಡ್ಡಪ್ಪನ ಯಂತ್ರದಲ್ಲಿ ಇದ್ದದ್ದೂ ಇದೇ.

ಸೋರುವುದು ಈ ಪೀಪಾಯಿಗೆ ಬಂದ ಹೊಸ ರೋಗವಲ್ಲ. ಬ್ಯಾಟರಿ ಹುಟ್ಟಿದ ದಿನವೇ ಸೋರಿಕೆಯೂ ಹುಟ್ಟಿತು. ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ತನ್ನ ಕಂಬದ ವಿಷಯವನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸರಿಗೆ ಬರೆದು ತಿಳಿಸಿದ್ದು ೧೮೦೦ರ ಮಾರ್ಚ್ ೨೦ರಂದು. ಸತುವಿನ ಬಿಲ್ಲೆ, ಬೆಳ್ಳಿಯ ಬಿಲ್ಲೆ, ನಡುವೆ ಉಪ್ಪುನೀರಿನಲ್ಲಿ ತೋಯಿಸಿದ ರಟ್ಟು. ಹೀಗೆ ಒಂದರ ಮೇಲೊಂದು ಪೇರಿಸಿದ ಕಂಬ ಅದು. ಕಂಬ ಎತ್ತರವಾದಷ್ಟೂ ವಿದ್ಯುತ್ತಿನ ಒತ್ತಡ ಹೆಚ್ಚು. ಆದರೆ ಎತ್ತರವಾದಷ್ಟೂ ಮೇಲಿನ ಬಿಲ್ಲೆಗಳ ಭಾರಕ್ಕೆ ಕೆಳಗಿನ ರಟ್ಟುಗಳು ಹಿಂಡಿಹೋಗಿ ಉಪ್ಪುನೀರು ಹೊರಗೆ ಸುರಿಯುತ್ತಿತ್ತು. ಕಂಬದ ಮೈಮೇಲೆ ಇಳಿದ ಆ ನೀರಿನಲ್ಲಿಯೇ ವಿದ್ಯುತ್ತು ಅಡ್ಡದಾರಿ ಹಿಡಿಯುತ್ತಿತ್ತು. ಇದಕ್ಕೆ ಉಪಾಯ ಹುಡುಕಿದವನು ಬ್ರಿಟನ್ನಿನ ವುಲಿಚ್‌ನಲ್ಲಿ ರಸಾಯನಶಾಸ್ತ್ರ ಬೋಧಿಸುತ್ತಿದ್ದ ವಿಲಿಯಂ ಕ್ರೂಕ್‌ಶಾಂಕ್. ಒಂದೆರಡು ವರ್ಷಗಳಲ್ಲೇ ಅವನು ಕಂಬವನ್ನು ಅಡ್ಡ ಮಲಗಿಸಿದ. ಮರದ ದೋಣಿಯೊಂದರಲ್ಲಿ ಗಾಡಿಗಳನ್ನು ಕೊರೆದು ಲೋಹದ ತಗಡುಗಳನ್ನು ಅದರಲ್ಲಿ ನಿಲ್ಲಿಸಿ, ನಡುವಿನ ಅಂಕಣಗಳಲ್ಲಿ ದ್ರವವನ್ನು ತುಂಬಿದ. ಸರಳ ಉಪಾಯ, ಆದರೆ ಸೋರಿಕೆಯನ್ನು ತಡೆಯುವುದು ಬ್ಯಾಟರಿಯ ಚರಿತ್ರೆಯ ಅರ್ಧಭಾಗ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಮುಂದೆ ೧೮೬೬ರಲ್ಲಿ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ ಗಾಜಿನ ಭರಣಿಯಲ್ಲಿ ನವಸಾಗರದ ದ್ರಾವಣವನ್ನು ತುಂಬಿ ತನ್ನ ಕೋಶವನ್ನು ಕಟ್ಟಿದ. ತಂತಿ ಕಛೇರಿಗಳಿಗೆ ಅದು ಒದಗಿತು, ಕೈಯಲ್ಲಿ ಹಿಡಿದು ತಿರುಗಾಡುವಂತಿರಲಿಲ್ಲ. ೧೮೮೬ರಲ್ಲಿ ಜರ್ಮನಿಯ ಕಾರ್ಲ್ ಗಾಸ್ನರ್ ದ್ರವಕ್ಕೆ ಸುಟ್ಟ ಜಿಪ್ಸಂ ಪುಡಿಯನ್ನು ಬೆರೆಸಿ ಗಟ್ಟಿ ಮಾಡಿ ‘ಒಣ ಕೋಶ’ಕ್ಕೆ ಹಕ್ಕುಪತ್ರ ಪಡೆದ. ನಮ್ಮ ಟಾರ್ಚಿನ ಸೆಲ್ಲಿನ ಮೂಲಪುರುಷ ಇದು. ಇದರಲ್ಲೊಂದು ಜಾಣತನವಿದೆ, ಅದರ ಬೆನ್ನಿಗೇ ಒಂದು ಶಾಪವೂ ಇದೆ. ಸತುವಿನ ಲೋಟವೇ ಪಾತ್ರೆ, ಅದೇ ಋಣಧ್ರುವ. ವಿದ್ಯುತ್ತನ್ನು ಕೊಡುತ್ತ ಕೊಡುತ್ತ ಸತುವು ಕರಗುತ್ತದೆ. ಎಂದರೆ ಅಡುಗೆಯ ಜೊತೆಗೆ ಪಾತ್ರೆಯೂ ಖರ್ಚಾಗುತ್ತದೆ. ಕೊನೆಗೆ ಲೋಟ ತೂತಾಗಿ ಒಳಗಿನದು ಹೊರಗೆ ಬಾರದೆ ಇನ್ನೇನಾದೀತು? ಅಜ್ಜಿಯ ರೇಡಿಯೋವನ್ನು ಕೆಡಿಸಿದ್ದು ಈ ವಂಶದ ಸೆಲ್ಲು.

ದೊಡ್ಡಪ್ಪನ ಗಣಕವನ್ನು ಕೆಡಿಸಿದ್ದು ಬೇರೆ ವಂಶದ್ದು. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ೧೮೯೯ರಲ್ಲಿ ರೂಪಿಸಿದ ನಿಕಲ್-ಕ್ಯಾಡ್ಮಿಯಂ ಕೋಶದಲ್ಲಿ ಇರುವುದು ಆಮ್ಲವಲ್ಲ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಉಗ್ರವಾದ ಕ್ಷಾರ. ಅದರ ಹೊರಡಬ್ಬಿ ಉಕ್ಕಿನದು, ಸತುವಿನಂತೆ ಕರಗದು. ಅದರ ಬಲಹೀನತೆ ಇರುವುದು ಮುಚ್ಚಳಕ್ಕೂ ಡಬ್ಬಿಗೂ ನಡುವೆ ಕೂರಿಸಿದ ಬೆಸುಗೆಬಳೆಯಲ್ಲಿ. ವರ್ಷಗಳು ಕಳೆದಂತೆ ಆ ಬಳೆ ಬಿರುಸಾಗುತ್ತದೆ. ಅತಿಯಾಗಿ ವಿದ್ಯುತ್ ತುಂಬಿದರೆ ಒಳಗೆ ಅನಿಲದ ಒತ್ತಡ ಏರುತ್ತದೆ. ಪೂರ್ತಿ ಬರಿದಾದರೆ ಮೂರು ಕೋಶಗಳಲ್ಲಿ ದುರ್ಬಲವಾದದ್ದನ್ನು ಮಿಕ್ಕ ಎರಡು ತಲೆಕೆಳಗು ಮಾಡುತ್ತವೆ, ಆಗಲೂ ಅನಿಲ. ಇದಕ್ಕಿಂತ ವಿಚಿತ್ರವಾದದ್ದು ಈ ಕ್ಷಾರದ ತೆವಳುವ ಸ್ವಭಾವ. ಋಣಧ್ರುವದ ಲೋಹದ ಮೈಯನ್ನು ಹಿಡಿದು, ಗುರುತ್ವಾಕರ್ಷಣೆಯನ್ನೂ ಲೆಕ್ಕಿಸದೆ, ಅದು ಮೆಲ್ಲಗೆ ಹೊರಗೆ ಹರಿದುಬರುತ್ತದೆ. ಹೊರಬಂದದ್ದು ಗಾಳಿಯ ಇಂಗಾಲಾಮ್ಲವನ್ನು ಹೀರಿ ಪೊಟ್ಯಾಸಿಯಂ ಕಾರ್ಬೊನೇಟ್ ಆಗುತ್ತದೆ. ನಾವು ಕಂಡ ಬಿಳಿಯ ಬೂಷ್ಟು ಅದೇ. ಅದು ಗಾಳಿಯ ತೇವವನ್ನು ಎಳೆದುಕೊಂಡು ಹಲಗೆಯನ್ನು ಸದಾ ಹಸಿಯಾಗಿಡುತ್ತದೆ. ಮಲೆನಾಡಿನ ಅಟ್ಟಕ್ಕೆ ತೇವದ ಬರಗಾಲವೆ? ಹಲಗೆಯ ಮೇಲಿನ ಹಸಿರು ಬಣ್ಣದ ಲೇಪನದ ಅಡಿಗೆ ನುಸುಳಿ ತಾಮ್ರವನ್ನು ತಿನ್ನುತ್ತದೆ. ಹೊರಗಿನಿಂದ ನೋಡಿದರೆ ಗೆರೆ ಸ್ವಲ್ಪ ಕಪ್ಪಾಗಿದೆಯಷ್ಟೆ. ಒಳಗೆ ತಾಮ್ರವೇ ಇರುವುದಿಲ್ಲ.

ಓಲೆಗರಿಯನ್ನು ಕಾಪಾಡುವ ಕಷ್ಟವನ್ನು ನನ್ನ ಕಸುಬಿನವರು ಬಲ್ಲರು. ಅಲ್ಲಿ ಶತ್ರು ಹೊರಗಿನವನು. ಗೆದ್ದಲು, ಹುಳು, ಮಳೆಯ ನೀರು. ನಿಂಬೆಹುಲ್ಲಿನ ಎಣ್ಣೆ ಸವರಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಟ್ಟರೆ ನೂರಾರು ವರ್ಷ ಬಾಳುತ್ತದೆ. ಗಣಕವನ್ನು ಹಾಗೆ ಸುತ್ತಿ ಭದ್ರವಾಗಿಟ್ಟರೆ ಶತ್ರುವನ್ನೂ ಒಳಗೇ ಸೇರಿಸಿ ಸುತ್ತಿದಂತಾಯಿತು. ದೊಡ್ಡಮ್ಮ ಆ ಯಂತ್ರಕ್ಕೆ ಹಳೆಯ ಜಮಖಾನೆ ಹೊದೆಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಮಕ್ಕಳ ಕೈ ಸೋಕದಂತೆ ಹತ್ತೊಂಬತ್ತು ವರ್ಷ ಜೋಪಾನ ಮಾಡಿದ್ದರು. ಅವರೆದುರಿಗೆ ನಾನು ಈ ವಿಷಯ ಎತ್ತಲಿಲ್ಲ.

ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. ಕೊಮೊಡೋರ್ ಕಂಪನಿ ೧೯೮೭ರಲ್ಲಿ ಹೊರತಂದ ಅಮಿಗಾ ೫೦೦ ಎಂಬ ಗಣಕ ಯುರೋಪಿನಲ್ಲಿ ಮನೆಮಾತಾಗಿತ್ತು. ಅದರ ಹೊಟ್ಟೆಯ ಅಡಿಗೆ ಸಿಕ್ಕಿಸುವ ಎ ೫೦೧ ಎಂಬ ನೆನಪಿನ ಕಾರ್ಡಿನಲ್ಲಿ ಇಂಥದೇ ಬ್ಯಾಟರಿ ಇತ್ತು. ಕಾರ್ಡು ಪ್ರತ್ಯೇಕವಾದ್ದರಿಂದ ಎಳೆದು ತೆಗೆದರೆ ಯಂತ್ರವಾದರೂ ಉಳಿಯಿತು. ಅದೇ ವರ್ಷದ ಅಮಿಗಾ ೨೦೦೦, ೧೯೯೦ರ ೩೦೦೦, ೧೯೯೨ರ ೪೦೦೦, ಇವುಗಳಲ್ಲಿ ಬ್ಯಾಟರಿ ಮುಖ್ಯ ಹಲಗೆಯ ಮೇಲೆಯೇ ಬೆಸೆದಿತ್ತು. ೨೦೦೦ದಲ್ಲಂತೂ ಯಂತ್ರದ ಮಿದುಳೆನ್ನುವ ಬಿಲ್ಲೆಯ ಮಗ್ಗುಲಲ್ಲಿ. ೧೯೯೪ರಲ್ಲಿ ಕೊಮೊಡೋರ್ ದಿವಾಳಿಯಾಯಿತು. ಕೆಟ್ಟರೆ ಬೇರೆ ಹಲಗೆ ಕೊಡುವವರಿಲ್ಲ. ಆಸಕ್ತರು ತಾವೇ ಹಳೆಯ ನಕ್ಷೆಯಂತೆ ಬರಿಯ ಹಲಗೆಗಳನ್ನು ಹೊಸದಾಗಿ ಮಾಡಿಸಿ, ಸತ್ತ ಯಂತ್ರದಿಂದ ಬಿಲ್ಲೆಗಳನ್ನು ಒಂದೊಂದಾಗಿ ಬಿಚ್ಚಿ ಅದಕ್ಕೆ ಕೂರಿಸುತ್ತಾರೆ. ಮೂರೂವರೆ ವೋಲ್ಟಿನ ಒಂದು ಪೀಪಾಯಿಯನ್ನು ಸಕಾಲದಲ್ಲಿ ಕತ್ತರಿಸದ ತಪ್ಪಿಗೆ ಇಷ್ಟು ಪ್ರಾಯಶ್ಚಿತ್ತ! ಆಪಲ್ ಕಂಪನಿಯ ಎಂಬತ್ತರ ದಶಕದ ಕೊನೆಯ ಮ್ಯಾಕಿಂಟಾಷುಗಳಲ್ಲಿ ಇದ್ದದ್ದು ಲಿಥಿಯಂ ಬ್ಯಾಟರಿ. ಅದು ವರ್ಷಗಟ್ಟಲೆ ಸುಮ್ಮನಿದ್ದು ಒಂದು ದಿನ ಒಡೆದರೆ ಹಲಗೆಯ ಜೊತೆಗೆ ಸುತ್ತಲ ಉಕ್ಕಿನ ಚೌಕಟ್ಟೂ ತುಕ್ಕಾಗಿ ಉದುರುತ್ತದೆ.

ತಯಾರಕರು ಪರಿಹಾರ ಹುಡುಕಲಿಲ್ಲವೆಂದಲ್ಲ. ಎಂಬತ್ತರ ದಶಕದಲ್ಲಿಯೇ ಡಲ್ಲಾಸ್ ಸೆಮಿಕಂಡಕ್ಟರ್ ಎಂಬ ಅಮೆರಿಕದ ಕಂಪನಿ ಗಡಿಯಾರದ ಬಿಲ್ಲೆ, ಸ್ಫಟಿಕ, ಲಿಥಿಯಂ ಕೋಶ ಮೂರನ್ನೂ ಒಂದೇ ಕರಿಯ ರಾಳದ ಗಟ್ಟಿಯಲ್ಲಿ ಹುದುಗಿಸಿ ಮಾರಿತು. ಸೋರುವುದಕ್ಕೆ ಎಡೆಯೇ ಇಲ್ಲ. ಆದರೆ ಹತ್ತು ವರ್ಷ ಕಳೆದು ಕೋಶ ಸತ್ತರೆ ತೆಗೆಯುವುದಕ್ಕೂ ಎಡೆಯಿಲ್ಲ. ರಾಳವನ್ನು ಅರದಿಂದ ಉಜ್ಜಿ, ಒಳಗಿನ ತಂತಿ ಕಂಡಲ್ಲಿ ಹೊಸ ಕೋಶವನ್ನು ಬೆಸೆಯುವ ಶಸ್ತ್ರಚಿಕಿತ್ಸೆಯನ್ನು ನನ್ನ ಶಿಷ್ಯ ಮಾಡಿ ತೋರಿಸಿದ್ದಾನೆ. ನೋಡುವವನಿಗೆ ಎದೆ ಡವಗುಟ್ಟುತ್ತದೆ. ಕೊನೆಗೆ ಎಲ್ಲರೂ ಬಂದು ಸೇರಿದ್ದು ನಾಣ್ಯದಂಥ ಲಿಥಿಯಂ ಕೋಶಕ್ಕೆ. ಸಿಆರ್ ೨೦೩೨ ಎಂಬ ಅದರ ಹೆಸರಿನಲ್ಲಿಯೇ ಅಳತೆ ಇದೆ: ೨೦ ಮಿಲಿಮೀಟರ್ ಅಗಲ, ೩.೨ ಮಿಲಿಮೀಟರ್ ದಪ್ಪ. ಬೆರಳಿನಿಂದ ಎತ್ತಿ ಬದಲಾಯಿಸಬಹುದು; ಸೋರುವುದೂ ಅಪರೂಪ.

ದೊಡ್ಡಪ್ಪನ ಯಂತ್ರಕ್ಕೆ ಬರುತ್ತೇನೆ. ಶಿಷ್ಯ ಎರಡು ದಿನ ಅದರ ಮೇಲೆ ಬಗ್ಗಿ ಕುಳಿತ. ಸತ್ತ ಗೆರೆಗಳ ಬದಲು ಕೂದಲಿನಂಥ ತಂತಿ ಹಾಕಿದ. ಕೀಲಿಮಣೆಯ ಬಿಲ್ಲೆಯ ಕಾಲುಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. “ಇದು ಆಗೋದಿಲ್ಲ ಸಾರ್. ಡಿಸ್ಕು ಮಾತ್ರ ನೆಟ್ಟಗಿರಬಹುದು. ಆದರೆ ಇಷ್ಟು ಹಳೆಯ ಡಿಸ್ಕನ್ನು ಈಗಿನ ಲ್ಯಾಪ್‌ಟಾಪಿಗೆ ಸಿಕ್ಕಿಸುವ ಅಡಾಪ್ಟರುಗಳು ಗುರುತೇ ಹಿಡಿಯೋದಿಲ್ಲ. ಅದರ ಕಾಲದ್ದೇ ಒಂದು ಯಂತ್ರ ಬೇಕು,” ಎಂದ.

ಅದರ ಕಾಲದ್ದೇ ಒಂದು ಯಂತ್ರ ನಾನು ಪಾಠ ಹೇಳುತ್ತಿದ್ದ ಕಾಲೇಜಿನ ಉಗ್ರಾಣದಲ್ಲಿತ್ತು. ‘ನಾನೂರ ಎಂಬತ್ತಾರು’, ಮುರಿದ ಬೆಂಚುಗಳ ಹಿಂದೆ. ತೆರೆದು ನೋಡಿದರೆ ಅದೇ ನೀಲಿಯ ಪೀಪಾಯಿ. ತುದಿಯಲ್ಲಿ ಬಿಳಿಯ ಅರಳು ಆಗತಾನೆ ಕಾಣಿಸಿಕೊಂಡಿತ್ತು. ತಾಮ್ರಕ್ಕೆ ಇನ್ನೂ ಮುಟ್ಟಿರಲಿಲ್ಲ. ಅಂದೇ ಕತ್ತರಿಸಬೇಕೆಂದು ಶಿಷ್ಯ. ಕಛೇರಿಯ ಸೂಪರಿಂಟೆಂಡೆಂಟರು ಒಪ್ಪಲಿಲ್ಲ. “ಸಾರ್, ಸ್ಟಾಕ್ ರಿಜಿಸ್ಟರಿನಲ್ಲಿ ಇದು ಒಂದು ಐಟಂ. ಅದರಿಂದ ಒಂದು ತುಂಡು ತೆಗೆದರೆ ಆಡಿಟ್‌ನವರಿಗೆ ನಾನು ಏನು ಹೇಳಲಿ?” ತುಂಡನ್ನು ತೆಗೆಯದಿದ್ದರೆ ಐಟಮ್ಮೇ ಉಳಿಯುವುದಿಲ್ಲವೆಂದು ವಾದಿಸಿ, ಅರ್ಜಿ ಬರೆದು, ಒಪ್ಪಿಗೆ ಪಡೆಯುವಷ್ಟರಲ್ಲಿ ಐದು ವಾರಗಳು ಹೋದವು. ಕ್ಷಾರ ಯಾರ ಒಪ್ಪಿಗೆಗೂ ಕಾಯುವುದಿಲ್ಲ. ಐದು ವಾರಗಳ ಮೇಲೆ ನೋಡಿದಾಗ ಒಂದು ಗೆರೆಯ ಬಣ್ಣ ತಿರುಗಿತ್ತು.

ಅವನು ಮಾಡಿದ್ದನ್ನು ಇಲ್ಲಿ ಹೇಳಿದರೆ ಅಟ್ಟದ ಮೇಲೆ ಹಳೆಯ ಗಣಕವಿಟ್ಟ ಯಾರಿಗಾದರೂ ಉಪಯೋಗವಾದೀತು. ಬ್ಯಾಟರಿಯನ್ನು ಜಗ್ಗಿ ಕೀಳಲಿಲ್ಲ. ಜಗ್ಗಿದರೆ ತಾಮ್ರವೂ ಜೊತೆಗೆ ಬರುತ್ತದೆ. ಕಾಲುಗಳನ್ನು ಇಕ್ಕುಳದಿಂದ ಕತ್ತರಿಸಿ, ಉಳಿದ ಮೊಳಕೆಗಳನ್ನು ಆಮೇಲೆ ಬೆಸುಗೆಕೋಲಿನಿಂದ ಕರಗಿಸಿ ತೆಗೆದ. ಬಿಳಿಯ ವಿನೆಗರನ್ನು ಹತ್ತಿಯ ಕಡ್ಡಿಯಲ್ಲಿ ಅದ್ದಿ ಕಲೆಯ ಮೇಲೆ ಒತ್ತಿದಾಗ ನೊರೆ ಎದ್ದಿತು. ಕ್ಷಾರವನ್ನು ಆಮ್ಲ ಅಡಗಿಸುವ ಗುರುತು ಅದು. ಕಿಲುಬಿನ ಹಂಡೆಗೆ ಹುಣಿಸೆಹಣ್ಣು ತಿಕ್ಕುವ ನಮ್ಮ ಹೆಂಗಸರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಟಾರ್ಚಿನ ಹಳೆಯ ಬಗೆಯ ಸತುವಿನ ಸೆಲ್ಲು ಸೋರಿದ್ದರೆ ಅದು ಆಮ್ಲದ ಗುಣದ್ದು. ಅಲ್ಲಿ ವಿನೆಗರು ಸಲ್ಲದು, ಅಡುಗೆ ಸೋಡ ಬೇಕು. ನೊರೆ ನಿಂತ ಮೇಲೆ ಬಟ್ಟಿಯಿಳಿಸಿದ ನೀರಿನಿಂದ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ, ಎರಡು ದಿನ ಒಣಗಲು ಬಿಟ್ಟ. ಆ ಜಾಗಕ್ಕೆ ನಾಣ್ಯದ ಕೋಶವನ್ನು ನೇರವಾಗಿ ಬೆಸೆಯಲು ಹೋಗಬಾರದಂತೆ. ಹಲಗೆಯ ಏರ್ಪಾಡು ಹಳೆಯ ಬ್ಯಾಟರಿಗೆ ತುಂಬಿದಂತೆ ಇದಕ್ಕೂ ವಿದ್ಯುತ್ತನ್ನು ತುಂಬಲು ನೋಡುತ್ತದೆ. ಲಿಥಿಯಂ ಕೋಶ ಅದನ್ನು ತಾಳದೆ ಸಿಡಿಯಬಹುದು. ನಡುವೆ ಒಂದು ಡಯೋಡ್ ಇಟ್ಟು ಆ ಪ್ರವಾಹವನ್ನು ತಡೆಯಬೇಕು. ನಮ್ಮ ಹಲಗೆಯಲ್ಲಿ ಹೊರಗಿನ ಬ್ಯಾಟರಿಗೆಂದೇ ನಾಲ್ಕು ಮೊಳೆಗಳ ಒಂದು ಕೊಂಡಿ ಮೊದಲಿನಿಂದಲೂ ಇತ್ತು, ಯಾರೂ ಬಳಸಿರಲಿಲ್ಲ. ಅದಕ್ಕೆ ತಂತಿ ಸಿಕ್ಕಿಸಿ ಸೆಲ್ಲಿನ ಡಬ್ಬಿಯನ್ನು ಪೆಟ್ಟಿಗೆಯ ಹೊರಗೇ ಕೂರಿಸಿದ. ೧೯೮೪ರ ವಿವೇಕಕ್ಕೆ ಹಿಂತಿರುಗಿದಂತಾಯಿತು. ಕತ್ತರಿಸಿದ ಪೀಪಾಯಿಯನ್ನು ಕಸಕ್ಕೆ ಎಸೆಯುವಂತಿಲ್ಲ, ಕ್ಯಾಡ್ಮಿಯಂ ವಿಷ. ಅದು ಸಂಖ್ಯೆ ಬರೆದ ಚೀಟಿಯೊಡನೆ ಒಂದು ಉಪ್ಪಿನಕಾಯಿ ಶೀಶೆಯಲ್ಲಿ, ಆಡಿಟ್‌ನವರಿಗಾಗಿ ಕಾದಿದೆ.

ಯಂತ್ರ ಎದ್ದಿತು. ಡಿಸ್ಕಿನ ವಿವರವನ್ನು ಕೇಳಿತು. ಸುರುಳಿಗಳೆಷ್ಟು, ತಲೆಗಳೆಷ್ಟು, ಒಂದು ಸುತ್ತಿಗೆ ಖಂಡಗಳೆಷ್ಟು ಎಂದು ಮೂರು ಸಂಖ್ಯೆಗಳು ಬೇಕು. ಡಿಸ್ಕಿನ ಮೇಲೆ ಅಂಟಿಸಿದ್ದ ಚೀಟಿ ಮಸುಕಾಗಿತ್ತು. ಆಗ ನನಗೆ ನೆನಪಾದದ್ದು ದೊಡ್ಡಪ್ಪನ ಮೇಜಿನ ಒಳಹಲಗೆಗೆ ಅಂಟಿಸಿದ್ದ ಒಂದು ಕಾಗದ. ಅವರ ದುಂಡಗಿನ ಅಕ್ಷರದಲ್ಲಿ ‘೯೮೦ – ೧೦ – ೧೭’ ಎಂದಿತ್ತು. ಯಾವುದೋ ಫೋನ್ ನಂಬರಿನ ತುಂಡೆಂದು ಮನೆಯವರು ತಿಳಿದಿದ್ದರು. ಶಿಷ್ಯ ಗುಣಿಸಿ ನೋಡಿ, “ಎಂಬತ್ತೈದು ಮೆಗಾಬೈಟ್, ಸರಿಹೋಯಿತು ಸಾರ್,” ಎಂದ. ಎಂದರೆ ಅವರ ಕಾಲದಲ್ಲೇ ಬ್ಯಾಟರಿ ಸತ್ತಿತ್ತು. ಯಂತ್ರ ಪ್ರತಿದಿನವೂ ದಾರಿ ಮರೆಯುತ್ತಿತ್ತು, ಅವರು ಪ್ರತಿದಿನವೂ ಈ ಮೂರು ಸಂಖ್ಯೆಗಳನ್ನು ಕೊಟ್ಟು ದಾರಿ ತೋರಿಸಿ ಕೆಲಸಕ್ಕೆ ಕೂರುತ್ತಿದ್ದರು. ಗಡಿಯಾರ ತಪ್ಪಿದ ಮೊದಲ ದಿನವೇ ಯಾರಾದರೂ ಮುಚ್ಚಳ ತೆರೆದಿದ್ದರೆ ಆ ಹಲಗೆಯೂ ಉಳಿಯುತ್ತಿತ್ತು.

ಕಡತಗಳು ತೆರೆದವು. ಜಿಸ್ಟ್ ಕಾರ್ಡು ಬಳಸುತ್ತಿದ್ದ ಇಸ್ಕಿ ಸಂಕೇತದಲ್ಲಿ ಇದ್ದುದನ್ನು ಈಗಿನ ಯೂನಿಕೋಡಿಗೆ ಹೊರಳಿಸಿದೆವು. ಕೊನೆಕಾರ, ದೋಟಿ, ಸಿಂಗಾರ, ಚೊಗರು, ಹಾಳೆ, ಕೊಟ್ಟೆ. ಒಂದೊಂದಕ್ಕೂ ಅರ್ಥ, ಬಳಕೆ, ಯಾರ ಬಾಯಿಂದ ಕೇಳಿದ್ದೆಂಬ ಟಿಪ್ಪಣಿ. ಕೊಳೆರೋಗ ಬಾರದಂತೆ ಗೊನೆಗೆ ಕೊಟ್ಟೆ ಕಟ್ಟುವ ಬಗೆಗೇ ಒಂದೂವರೆ ಪುಟ. ಯಾವುದನ್ನು ಯಾವಾಗ ಬರೆದರೆಂದು ತಿಳಿಯಲು ಕಡತಗಳ ತಾರೀಕು ನೋಡಿದೆ. ೧೯೯೬, ೧೯೯೭, ೧೯೯೮ ಎಂದು ಸರಿಯಾಗಿ ನಡೆದುಬಂದು, ೧೯೯೯ರ ನಡುವೆ ಒಂದು ಕಡೆ ನಿಂತುಹೋಗಿತ್ತು. ಅಲ್ಲಿಂದ ಮುಂದಿನ ಕಡತಗಳೆಲ್ಲ ೧೯೮೦ರ ಜನವರಿ ೧ರವು. ದಿಕ್ಕುತಪ್ಪಿದ ಗಡಿಯಾರಕ್ಕೆ ಡಾಸ್ ಕೊಡುವ ಮೊದಲ ದಿನ ಅದು. ದಿನಗಳನ್ನು ಬಿಡಿಸುವ ದಾರಿಯಿಲ್ಲ. ಆದರೆ ಗಂಟೆಗಳಿವೆ. ಯಂತ್ರ ಹಚ್ಚಿದಾಗಲೆಲ್ಲ ನಡುರಾತ್ರಿ ಸೊನ್ನೆಯಿಂದ ಗಡಿಯಾರ ಮೊದಲಾಗುತ್ತಿತ್ತು. ಆದ್ದರಿಂದ ಆ ಗಂಟೆಗಳು ಅವರು ಅಂದಂದು ಎಷ್ಟು ಹೊತ್ತು ಕುಳಿತಿದ್ದರೆಂಬುದನ್ನು ಹೇಳುತ್ತವೆ. ಹೆಚ್ಚಿನವು ನಲವತ್ತು ನಿಮಿಷ, ಒಂದು ಗಂಟೆ. ‘ಕೊಟ್ಟೆ’ಯ ಕಡತದ್ದು ಮೂರು ಗಂಟೆ ಇಪ್ಪತ್ತು ನಿಮಿಷ.